ಕೊಯ್ಯುವ ಮೊದಲು ನಿಂತ ಕೈ

ಯಾರೋ ಹಿಂದಿನಿಂದ ಒದ್ದರು ಎಂದುಕೊಂಡೆ. ಎಡಗಾಲಿನ ಹಿಮ್ಮಡಿಯ ಮೇಲೆ ಠಪ್ಪೆಂದು ಸದ್ದಾಯಿತು. ಸಿಟ್ಟಿನಿಂದ ತಿರುಗಿ "ಎವರಮ್ಮಾ ಅದಿ?" ಯಾರದು ಎಂದು ತೆಲುಗಿನಲ್ಲಿ ಗದರಿದೆ. ಹಿಂದೆ ಯಾರೂ ಇರಲಿಲ್ಲ. ಹುಡುಗಿಯರೆಲ್ಲ ನನ್ನ ಮುಂದೆ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಹೆಜ್ಜೆ ಇಡಲು ಹೋದೆ. ಪಾದ ನೆಲಕ್ಕೆ ತಾಗಿತು, ಆದರೆ ನೆಲವನ್ನು ಒತ್ತಲಿಲ್ಲ. ಹತ್ತಿಯ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ ಕುಸಿದು ಕುಳಿತೆ.

ನಾನು ಉಪ್ಪಲ್ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಆಟ ಕಲಿಸುವ ಶಿಕ್ಷಕಿ. ನಮ್ಮ ತಂದೆ ಸರ್ಕಾರಿ ನೌಕರಿಯ ಮೇಲೆ ಕಲಬುರ್ಗಿಯಿಂದ ಹೈದರಾಬಾದಿಗೆ ಬಂದು ಇಲ್ಲಿಯವರೇ ಆದರು. ನಾನು ಇಲ್ಲೇ ಹುಟ್ಟಿ, ಇಲ್ಲೇ ಖೊಖೊ ಆಡಿ ಬೆಳೆದವಳು. ಹೊರಗೆ ತೆಲುಗು, ಮನೆಯೊಳಗೆ ಕನ್ನಡ. ಅಂದು ಹುಡುಗಿಯರಿಗೆ ಕುಳಿತಲ್ಲಿಂದ ಚಿಮ್ಮಿ ಏಳುವುದನ್ನು ತೋರಿಸುತ್ತಿದ್ದೆ. ಖೊಖೊದಲ್ಲಿ ಅದೇ ಮುಖ್ಯ. ಬೆನ್ನಿಗೆ 'ಖೋ' ಬಿದ್ದ ಕೂಡಲೇ ಕಾಲಿನ ಹೆಬ್ಬೆರಳ ಮೇಲೆ ಇಡೀ ದೇಹದ ಭಾರ ಹಾಕಿ ಬಾಣದಂತೆ ಹೊರಡಬೇಕು. ಸಾವಿರಾರು ಸಲ ಮಾಡಿದ್ದನ್ನೇ ಆ ದಿನವೂ ಮಾಡಿದ್ದೆ.

ಹತ್ತಿರದ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ ಎಂದರು. ಪಟ್ಟಿ ಸುತ್ತಿ, ಗುಳಿಗೆ ಕೊಟ್ಟು ಕಳುಹಿಸಿದರು. ಮೂಳೆ ಮುರಿದಿಲ್ಲ ಎಂಬ ಮಾತು ಕೇಳಿ ಮನೆಯವರೆಲ್ಲ ನಿಟ್ಟುಸಿರು ಬಿಟ್ಟೆವು.

ಮನೆಯವರೆಂದರೆ ಮೂವರೇ. ನಾನು, ನನ್ನ ಗಂಡ ವಿಶ್ವನಾಥ, ಅವರ ತಾಯಿ. ದಿಲ್‌ಸುಖ್‌ನಗರದಲ್ಲಿ ಒಂದು ಮಹಡಿಯ ಮೇಲಿನ ಬಾಡಿಗೆ ಮನೆ. ಗಂಡ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಾರೆ. ಅತ್ತೆ ಹುಮನಾಬಾದಿನವರು. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಹಾಲಿನವನ ಜೊತೆ, ತರಕಾರಿಯವಳ ಜೊತೆ ಕನ್ನಡದಲ್ಲೇ ಮಾತಾಡಿ ಕೆಲಸ ಮುಗಿಸುವ ಹೆಂಗಸು. ಅವರು ದಿನಾ ಸಾಯಂಕಾಲ ಎಳ್ಳೆಣ್ಣೆ ಬಿಸಿ ಮಾಡಿ ನನ್ನ ಕಾಲಿಗೆ ತಿಕ್ಕಿದರು. ಬಾವು ಇಳಿಯಿತು, ನೋವೂ ಇಳಿಯಿತು. ಆದರೆ ನಡಿಗೆ ಮರಳಲಿಲ್ಲ.

ನೋವಿಲ್ಲದಿದ್ದರೂ ಕುಂಟುವುದು ಎಂಥ ವಿಚಿತ್ರ ಎಂದು ಅನುಭವಿಸಿದವರಿಗೇ ಗೊತ್ತು. ಜನ "ನೂಸ್ತೈತೇನು?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಹಾಗಾದರೆ ಯಾಕೆ ಕುಂಟುತ್ತಿ ಎಂಬಂತೆ ನೋಡುತ್ತಾರೆ. ತುದಿಗಾಲಿನ ಮೇಲೆ ನಿಂತು ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಲಾಗುತ್ತಿರಲಿಲ್ಲ. ಬಸ್ಸು ಹತ್ತುವಾಗ ಕಂಬಿ ಹಿಡಿದು ದೇಹವನ್ನು ಮೇಲಕ್ಕೆ ಎಳೆದುಕೊಳ್ಳಬೇಕಿತ್ತು. ಶಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಸೀಟಿ ಊದತೊಡಗಿದೆ. ಹುಡುಗಿಯರು ನನ್ನ ಮೇಲಿನ ಮರುಕದಿಂದಲೋ ಏನೋ, ಜಗಳವಾಡದೆ ಆಡುತ್ತಿದ್ದರು. ಅದೇ ನನಗೆ ಹೆಚ್ಚು ದುಃಖ ಕೊಡುತ್ತಿತ್ತು.

ಹೀಗೆ ಕೆಲವು ತಿಂಗಳು ಕಳೆದವು. ಕೊನೆಗೆ ಗಣಿತ ಕಲಿಸುವ ಗೆಳತಿಯೊಬ್ಬಳು ತನ್ನ ಚಿಕ್ಕಪ್ಪನ ಪಾದ ಸರಿಮಾಡಿದ ವೈದ್ಯೆಯ ಹೆಸರು ಹೇಳಿ, ನನ್ನ ಎದುರಿಗೇ ಫೋನ್ ಮಾಡಿ ಸಮಯ ಗೊತ್ತುಮಾಡಿದಳು. ಅವಳು ಅಷ್ಟು ಹಟ ಮಾಡದಿದ್ದರೆ ನಾನು ಇನ್ನೊಂದು ವರ್ಷ ಎಣ್ಣೆ ತಿಕ್ಕಿಸಿಕೊಳ್ಳುತ್ತಲೇ ಇರುತ್ತಿದ್ದೆ.

ಆ ಆಸ್ಪತ್ರೆಯ ಕಾಯುವ ಕೋಣೆಯ ತುಂಬ ಜನ. ಬ್ಯಾಂಡೇಜು ಸುತ್ತಿದ ಪಾದಗಳು, ಊರುಗೋಲುಗಳು, ಚಪ್ಪಲಿ ಒಂದೇ ಕಾಲಿಗೆ ಹಾಕಿಕೊಂಡವರು. ಪಕ್ಕದಲ್ಲಿ ಬುರ್ಖಾ ತೊಟ್ಟ ಒಬ್ಬ ವಯಸ್ಸಾದ ಹೆಂಗಸು ಮೊಣಕಾಲು ನೀವಿಕೊಳ್ಳುತ್ತ ಕುಳಿತಿದ್ದರು. ನನ್ನ ಕಾಲು ಜೋತುಬಿದ್ದದ್ದನ್ನು ಕಂಡು ತಮ್ಮ ಕೈಚೀಲವನ್ನು ಎದುರಿನ ಕುರ್ಚಿಯಿಂದ ತೆಗೆದು, "ಪಾಂವ್ ಇಧರ್ ರಖ್ ಲೇ ಬೇಟೀ, ಶರಮ್ ನಕ್ಕೋ," ಎಂದರು, ಕಾಲು ಇಲ್ಲಿಡು, ನಾಚಿಕೆ ಬೇಡ ಎಂದು. ಅಪರಿಚಿತರ ಎದುರು ಕಾಲು ಚಾಚುವುದು ಹೇಗೆ ಎಂದು ನಾನು ಹಿಂಜರಿದಾಗ ಅವರೇ ಬಗ್ಗಿ ನನ್ನ ಪಾದ ಎತ್ತಿ ಕುರ್ಚಿಯ ಮೇಲಿಟ್ಟರು. ಆಮೇಲೆ ಅವರನ್ನು ನಾನು ಎಂದೂ ನೋಡಲಿಲ್ಲ. ಆದರೆ ಆ ಕೈಯ ನೆನಪು ಈಗಲೂ ಇದೆ.

ಡಾಕ್ಟರ್ ಪದ್ಮಜಾ ನನಗಿಂತ ಚಿಕ್ಕವರು. ತೆಲುಗಿನವರು. ಅವರು ತೆಲುಗಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ನನ್ನನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಹೊರಗೆ ಇರುವಂತೆ ಮಾಡಿದರು. ಬಲಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ತಾನಾಗಿ ಅಲ್ಲಾಡಿತು. ಎಡಗಾಲಿನದನ್ನು ಹಿಂಡಿದರು. ಪಾದ ಸುಮ್ಮನೆ ಜೋತುಬಿದ್ದಿತ್ತು. ನನ್ನ ಜೊತೆ ಬಂದಿದ್ದ ಗಂಡ ಅದನ್ನು ನಿಂತು ನೋಡಿದರು. ಮನೆಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಎರಡ ನಿಮಿಷದ್ದು ಕೆಲಸ ಇತ್ತು ಸುವರ್ಣಾ. ಇಷ್ಟ್ ದಿನಾ ಯಾರೂ ಮಾಡಿ ನೋಡ್ಲಿಲ್ಲ."

ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿಡುವ ದಪ್ಪ ಹುರಿ, ಟೆಂಡನ್, ಪೂರ್ತಿ ಹರಿದುಹೋಗಿತ್ತು. ನಮ್ಮ ಕಡೆ ಇಂಥದ್ದಕ್ಕೆಲ್ಲ ನರ ಎಂದೇ ಹೇಳುವುದು. ತಿಂಗಳುಗಟ್ಟಲೆ ಬಿಟ್ಟಿದ್ದರಿಂದ ಹರಿದ ಎರಡು ತುದಿಗಳೂ ದೂರ ಸರಿದಿದ್ದವು. ಅವುಗಳನ್ನು ಎಳೆದು ಸೇರಿಸಲು ಬರುವಂತಿರಲಿಲ್ಲ.

"ಹಾಗಾದರೆ?" ಎಂದು ಕೇಳಿದೆ.

"ನಿಮ್ಮ ಕಾಲಿನಲ್ಲೇ ಇರುವ ಇನ್ನೊಂದು ಟೆಂಡನ್ ತೆಗೆದು ಹಿಮ್ಮಡಿಗೆ ಜೋಡಿಸಬೇಕು. ಹೆಬ್ಬೆರಳನ್ನು ಮಡಚುವ ಟೆಂಡನ್," ಎಂದರು ಡಾಕ್ಟರು.

"ನನಗೆ ಹೆಬ್ಬೆರಳು ಬೇಕು ಡಾಕ್ಟರ್. ನಾನು ಖೊಖೊ ಟೀಚರು."

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಾದದ ಬಳಿ ಕುಳಿತರು. "ಹೆಬ್ಬೆರಳು ಒಂದನ್ನೇ ಮಡಚಿ ನೋಡೋಣ." ಮಡಚಿದೆ. ಪಕ್ಕದ ಎರಡು ಬೆರಳುಗಳೂ ಜೊತೆಗೇ ಮಡಚಿಕೊಂಡವು. ಇನ್ನೊಮ್ಮೆ ಮಾಡಿಸಿದರು. ಮತ್ತೆ ಹಾಗೇ. ನಲವತ್ತು ದಾಟಿದ ನನಗೆ ನನ್ನ ಬೆರಳುಗಳ ಈ ಸ್ವಭಾವ ಆವತ್ತಿನವರೆಗೆ ಗೊತ್ತೇ ಇರಲಿಲ್ಲ.

"ಒಳಗೆ ಎಲ್ಲೋ ಕೂಡಿಕೊಂಡಿವೆ," ಎಂದರು. "ಬಹಳ ಜನರಲ್ಲಿ ಕೂಡಿರುತ್ತವೆ. ಆದರೆ ಯಾವುದು ಯಾವುದಕ್ಕೆ ಕವಲು ಕೊಟ್ಟಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಪುಸ್ತಕದ ಚಿತ್ರದಲ್ಲಿ ಎಲ್ಲರ ಪಾದವೂ ಒಂದೇ. ನಿಮ್ಮದು ಹೇಗಿದೆ ಅಂತ ತೆರೆದ ಮೇಲೇ ಖಾತ್ರಿಯಾಗೋದು. ಹೆಬ್ಬೆರಳಿನ ಬಲ ಸ್ವಲ್ಪ ಹೋಗಬಹುದು, ಪೂರ್ತಿಯೂ ಹೋಗಬಹುದು. ಉಳಿಸೋ ಪ್ರಯತ್ನ ಮಾಡ್ತೀನಿ. ಮಾತು ಮಾತ್ರ ಕೊಡಲಾರೆ."

ಮಾತು ಕೊಡಲಾರೆ ಎಂದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಆದರೆ ಭಯವೇನೂ ಕಡಿಮೆಯಾಗಲಿಲ್ಲ.

ಅತ್ತೆ ಆಪರೇಷನ್ ಎಂಬ ಶಬ್ದ ಕೇಳಿದವರೇ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ಬ್ಯಾಡ," ಎಂದರು. "ಕುಂಟಕೋತ ಅಡ್ಡಾಡಿದ್ರೂ ಅಡ್ಡಾಡು. ಕೊಯ್ಸೋದ್ ಬ್ಯಾಡ."

"ಅವ್ವಾ, ಇದು ಬ್ಯಾರೆ," ಎಂದರು ಗಂಡ.

"ನನಗ ಹೇಳಬ್ಯಾಡ. ನಿಮ್ಮಪ್ಪಗೂ ಬೆರಳಿಂದ ಸುರು ಆಗಿತ್ತು. ಒಂದ ಬೆರಳು ಅಂದ್ರು. ಆಮ್ಯಾಲ ಪಾದ ಅಂದ್ರು. ಆಮ್ಯಾಲ ಮೊಣಕಾಲತನಾ ಬಂದ್ರು. ಕಾಲು ಮನಿಗಿ ಬರಲೇ ಇಲ್ಲ. ಅವರೂ ಭಾಳ ದಿವಸ ಇರಲಿಲ್ಲ."

ಮಾವನವರಿಗೆ ಸಕ್ಕರೆ ಕಾಯಿಲೆಯಿತ್ತು. ನಾನು ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಈ ಮಾತನ್ನು ಅತ್ತೆ ನನ್ನ ಎದುರು ಎಂದೂ ಆಡಿರಲಿಲ್ಲ. ಇಷ್ಟು ದಿನ ಅವರು ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅವರ ಕೈ ಯಾವ ಕಾಲನ್ನು ನೆನೆಯುತ್ತಿತ್ತು ಎಂದು ಆಗ ತಿಳಿಯಿತು. ನಾನು ಅವರ ಪಕ್ಕದಲ್ಲಿ ಕುಳಿತೆ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಗಂಡ ಒಲೆ ಆರಿಸಿದರು.

"ಅತ್ತಿ, ನೀವೂ ಬರ್ರಿ ದವಾಖಾನಿಗಿ," ಎಂದೆ. "ನೀವ ಬಾಗಿಲ ಮುಂದ ಕುಂದರ್ರಿ. ನನ್ನ ಕಾಲ್ ನನ್ನ ಜೋಡೀನ ಹೊರಗ ಬರ್ತದೋ ಇಲ್ಲೋ ನೀವ ನೋಡ್ರಿ."

ಅವರು ಸೀದುಹೋದ ರೊಟ್ಟಿಯನ್ನು ಹೆಂಚಿನಿಂದ ತೆಗೆದು ಪಕ್ಕಕ್ಕಿಟ್ಟರು. ಮರುದಿನ ಬೆಳಿಗ್ಗೆ ಒಂದು ಚೀಲದಲ್ಲಿ ತಮ್ಮ ಸೀರೆ, ಹೊದಿಕೆ, ಎಲೆಯಡಿಕೆ ಡಬ್ಬಿ ತುಂಬಿ ಬಾಗಿಲ ಹಿಂದೆ ಇಟ್ಟಿದ್ದರು. ಆಪರೇಷನ್‌ಗೆ ಇನ್ನೂ ಒಂದು ವಾರವಿತ್ತು.

ಆ ದಿನ ಬಂದಾಗ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದಂತೆ ಮಾಡಿದರು. ಬೋರಲು ಮಲಗಿಸಿದರು. ಎಚ್ಚರ ಇತ್ತು. ಕಾಣುತ್ತಿದ್ದದ್ದು ಹಸಿರು ಬಟ್ಟೆ, ಅದರಾಚೆ ಅರಿವಳಿಕೆ ಕೊಟ್ಟ ಡಾಕ್ಟರ ಚಪ್ಪಲಿ. ಅವರು ಹೈದರಾಬಾದಿನ ಹಳೇ ಊರಿನ ದಖ್ಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದರು. "ಘಬರಾವ್ ನಕ್ಕೋ ಅಮ್ಮಾ, ಮೈ ಯಹೀಂಚ್ ಬೈಠಾ ಹೂಂ," ಹೆದರಬೇಡ, ನಾನು ಇಲ್ಲೇ ಕುಳಿತಿದ್ದೇನೆ ಎಂದು ಆಗಾಗ ಹೇಳುತ್ತಿದ್ದರು. ಯಾವ ಶಾಲೆ, ಯಾವ ಆಟ ಎಂದು ಕೇಳುತ್ತಿದ್ದರು. ನಾನು ಖೊಖೊ ನಿಯಮಗಳನ್ನು ಹೇಳುತ್ತಿದ್ದೆ. ಅತ್ತ ನನ್ನ ಕಾಲಿನ ಬಳಿ ಲೋಹದ ಸಣ್ಣ ಸದ್ದುಗಳು, ಡಾಕ್ಟರ್ ಪದ್ಮಜಾರ ಚುಟುಕು ಮಾತುಗಳು.

ಒಮ್ಮೆಲೇ ಅವರ ದನಿ ಬದಲಾಯಿತು. "ಆಗು. ಕಟ್ ಚೇಯಕು."

ನಿಲ್ಲು, ಕೊಯ್ಯಬೇಡ. ಅಷ್ಟು ತೆಲುಗು ನನಗೆ ನಿದ್ದೆಯಲ್ಲೂ ತಿಳಿಯುತ್ತದೆ.

ಸದ್ದುಗಳೆಲ್ಲ ನಿಂತವು. ನಾನು ಆಟದ ನಿಯಮ ಹೇಳುವುದನ್ನು ನಿಲ್ಲಿಸಿದೆ. ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ತಲೆಯ ಬಳಿಯ ಯಂತ್ರ ಟಿಕ್ ಟಿಕ್ ಎಂದು ಅವಸರ ಮಾಡತೊಡಗಿತು. ಮಾವನವರ ಕಾಲು ನೆನಪಾಯಿತು. ಬಾಗಿಲ ಹೊರಗೆ ಚೀಲ ಹಿಡಿದು ಕುಳಿತ ಅತ್ತೆ ನೆನಪಾದರು.

ಅರಿವಳಿಕೆಯ ಡಾಕ್ಟರು ಎದ್ದು ಅತ್ತ ಹೋಗಿ ನೋಡಿ ಬಂದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಕುಛ್ ಖರಾಬ್ ನಹೀಂ ಹುವಾ. ಆಕೆ ನೋಡ್ತಾ ಇದ್ದಾಳೆ, ಅಷ್ಟೇ," ಎಂದು ಅರ್ಧ ದಖ್ಖನಿ, ಅರ್ಧ ಕನ್ನಡದಲ್ಲಿ ಹೇಳಿದರು. ಕನ್ನಡ ಎಲ್ಲಿ ಕಲಿತಿದ್ದರೋ. ಆ ಹೊತ್ತಿಗೆ ಅದು ದೇವರೇ ಆಡಿದ ಮಾತಿನ ಹಾಗೆ ಕೇಳಿಸಿತು.

ಯಾರನ್ನೋ ಕರೆಸಿದರು. ಇನ್ನೊಂದು ಜೊತೆ ಚಪ್ಪಲಿ ಒಳಗೆ ಬಂತು. ಹಿರಿಯ ಗಂಡಸಿನ ದನಿ. ಇಬ್ಬರೂ ಮೆಲ್ಲಗೆ ಮಾತಾಡಿಕೊಂಡರು. "ರೆಂಡು ವೈಪುಲಾ ಉಂದಿ," ಎಂದು ಆ ಹಿರಿಯರು ಅಂದದ್ದು ಕೇಳಿಸಿತು. ಎರಡೂ ಕಡೆಯಿಂದ ಇದೆ. ಏನು ಇದೆ ಎಂದು ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪದ್ಮಜಾರ ದನಿ ಮೊದಲಿನಂತಾಯಿತು. ಲೋಹದ ಸದ್ದು ಮತ್ತೆ ಶುರುವಾಯಿತು. ನನ್ನ ಕಣ್ಣೀರಿಗೆ ದಿಂಬು ಒದ್ದೆಯಾಗಿತ್ತು. ಅರಿವಳಿಕೆಯ ಡಾಕ್ಟರು ಅದನ್ನು ಕಂಡು ಒಂದು ಹತ್ತಿ ಬಟ್ಟೆಯನ್ನು ನನ್ನ ಕೆನ್ನೆಯ ಕೆಳಗೆ ಸೇರಿಸಿ, "ಹಾಂ, ಫಿರ್? ಕಂಬ ಮುಟ್ಟಿದ ಮೇಲೆ ಏನು?" ಎಂದು ಆಟದ ಮಾತನ್ನೇ ಮುಂದುವರಿಸಿದರು.

ವಾರ್ಡಿಗೆ ತಂದಾಗ ಅತ್ತೆ ಯಾರ ಅಪ್ಪಣೆಗೂ ಕಾಯಲಿಲ್ಲ. ನೇರವಾಗಿ ಹೊದಿಕೆ ಎತ್ತಿದರು. ಪ್ಲಾಸ್ಟರಿನ ತುದಿಯಲ್ಲಿ ನನ್ನ ಬೆರಳುಗಳು ಹಣಕಿ ನೋಡುತ್ತಿದ್ದವು. ಒಂದೊಂದನ್ನೇ ಮುಟ್ಟಿದರು.

"ಐದೂ ಅದಾವ," ಎಂದರು ಮಗನಿಗೆ. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ನಿಂತರು.

ಮರುದಿನ ಡಾಕ್ಟರ್ ಪದ್ಮಜಾ ಬಂದು ಹಾಸಿಗೆಯ ಅಂಚಿನ ಮೇಲೆ ಕುಳಿತರು. ಜೊತೆಗಿದ್ದ ಕಿರಿಯ ವೈದ್ಯೆಯ ಕೊರಳಿನಿಂದ ಸ್ಟೆತಾಸ್ಕೋಪ್ ತೆಗೆದುಕೊಂಡು ಅದರ ರಬ್ಬರ್ ನಳಿಕೆಗಳನ್ನು ನನ್ನ ಮುಂದೆ ಹಿಡಿದರು. ಅವು ಎರಡಾಗಿ ಬಂದು ಒಂದಾಗುವ ಜಾಗವನ್ನು ತೋರಿಸಿದರು.

"ಹೆಬ್ಬೆರಳಿಗೆ ಹೋಗುವ ಟೆಂಡನ್ ಒಂದು, ಉಳಿದ ಬೆರಳುಗಳಿಗೆ ಹೋಗುವುದು ಇನ್ನೊಂದು. ಅಂಗಾಲಿನ ಕುಳಿಯಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ. ಹೆಬ್ಬೆರಳಿನದು ಪಕ್ಕದ ಬೆರಳುಗಳಿಗೆ ಕವಲು ಕೊಡೋದು ಮಾಮೂಲು. ನಿಮ್ಮಲ್ಲಿ ಅದೂ ಇದೆ. ಜೊತೆಗೆ ಉಳಿದ ಬೆರಳುಗಳ ಟೆಂಡನ್‌ನಿಂದ ಹೆಬ್ಬೆರಳಿಗೂ ಒಂದು ದಪ್ಪ ಕವಲು ಬಂದಿದೆ. ಅದು ಅಪರೂಪ."

"ಅದಕ್ಕೇ ನಿಲ್ಲಿಸಿದಿರಾ?"

"ಕೇಳಿಸಿತಾ ನಿಮಗೆ?" ಅವರು ಸ್ವಲ್ಪ ನಾಚಿಕೊಂಡರು. "ಹೆದರಿಸಿಬಿಟ್ಟೆ. ಆ ಕವಲು ಕೂಡುವ ಜಾಗದ ಆಚೆ ಕೊಯ್ದಿದ್ದರೆ ನನಗೆ ಉದ್ದದ ಟೆಂಡನ್ ಸಿಗುತ್ತಿತ್ತು, ಹೊಲಿಯೋದು ಸುಲಭವಾಗುತ್ತಿತ್ತು. ಆದರೆ ಹೆಬ್ಬೆರಳಿಗಿದ್ದ ಆ ಆಸರೆ ತಪ್ಪುತ್ತಿತ್ತು. ಈಚೆಗೇ ಕೊಯ್ದೆ. ಗಿಡ್ಡವಾಯಿತು. ಹಿಮ್ಮಡಿಗೆ ಎಟುಕುತ್ತದೋ ಇಲ್ಲವೋ ಎಂದು ನಮ್ಮ ಸರ್‌ನ ಕರೆಸಿ ಇಬ್ಬರೂ ಅಳೆದು ನೋಡಿದೆವು. ಎಟುಕಿತು."

ಅವರು ಹೋದ ಮೇಲೆ ಅತ್ತೆಗೆ ಕನ್ನಡದಲ್ಲಿ ಎಲ್ಲ ವಿವರಿಸಿದೆ. ಅವರು ಪ್ಲಾಸ್ಟರಿನ ತುದಿಯಲ್ಲಿದ್ದ ನನ್ನ ಹೆಬ್ಬೆರಳನ್ನು ಮುಟ್ಟಿ ನೋಡಿದರು.

"ಅಂದ್ರ ನೀ ಹುಟ್ಟೋ ಮುಂದನ ಯಾರೋ ಒಳಗ ಒಂದು ಎಳಿ ಜಾಸ್ತಿ ಇಟ್ಟ್ ಕಳಿಸ್ಯಾರ," ಎಂದರು. "ಈ ಡಾಕ್ಟರವ್ವ ಅದನ್ನ ಹರೀಲಿಲ್ಲ."

ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಆಮೇಲಿನ ವಾರಗಳು ಉದ್ದವಾಗಿದ್ದವು. ಗಂಡ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡರು, ಹಗಲು ನನ್ನ ಜೊತೆ ಇರಬಹುದೆಂದು. ಕಾರ್ಖಾನೆಯ ಬಸ್ಸಿಳಿದು ಬಂದವರು ಸ್ನಾನ ಮಾಡಿ, ನನ್ನನ್ನು ಎತ್ತಿ ಕೂರಿಸಿ, ತಲೆ ಬಾಚಿ ಜಡೆ ಹಾಕುತ್ತಿದ್ದರು. ಮೊದಮೊದಲು ಜಡೆ ಓರೆಯಾಗಿ ಬರುತ್ತಿತ್ತು. ಅತ್ತೆ "ಹಗ್ಗ ಹೊಸದಂಗ ಹೊಸದ್ಯಲ್ಲೋ!" ಎಂದು ನಗುತ್ತಿದ್ದರು. ಆ ಮನುಷ್ಯ ಮಾತು ಕಡಿಮೆ. ನನ್ನ ಕಾಲಿನ ಬಗ್ಗೆ ಒಂದು ಸಮಾಧಾನದ ಮಾತನ್ನೂ ಅವರು ಆಡಿದ್ದು ನೆನಪಿಲ್ಲ. ಜಡೆ ಮಾತ್ರ ದಿನದಿಂದ ದಿನಕ್ಕೆ ಚೆನ್ನಾಗಿ ಬರತೊಡಗಿತು.

ಪ್ಲಾಸ್ಟರು ತೆಗೆದ ದಿನ ಕಾಲು ನನ್ನದೇ ಎನ್ನಿಸಲಿಲ್ಲ. ಸೊರಗಿತ್ತು, ಚರ್ಮ ಸುಲಿಯುತ್ತಿತ್ತು. "ಹೆಬ್ಬೆರಳು ಮಡಚಿ," ಎಂದರು ಡಾಕ್ಟರು. ನನ್ನ ಶಕ್ತಿಯೆಲ್ಲ ಹಾಕಿ ಯತ್ನಿಸಿದೆ. ಬೆರಳು ಕದಲಲಿಲ್ಲ. ಅವರ ಮುಖದ ಮೇಲೂ ಒಂದು ಕ್ಷಣ ಏನೋ ಹಾದುಹೋಯಿತು. "ಇರಲಿ. ಇನ್ನೂ ನಿದ್ದೆಯಲ್ಲಿದೆ," ಎಂದರು. ದಾರಿಯುದ್ದಕ್ಕೂ ಆಟೋದಲ್ಲಿ ನಾನು ಆ ಬೆರಳನ್ನೇ ನೋಡುತ್ತ ಬಂದೆ. ಅದು ಆಟೋದ ಕುಲುಕಾಟಕ್ಕೆ ಮಾತ್ರ ಅಲುಗುತ್ತಿತ್ತು.

ವ್ಯಾಯಾಮ ಹೇಳಿಕೊಡುತ್ತಿದ್ದ ಫಿಜಿಯೊ ಒಬ್ಬ ಗಟ್ಟಿ ದನಿಯ ಹೆಂಗಸು. ಸಂಗಾರೆಡ್ಡಿ ಕಡೆಯವಳು, ಹೆಸರು ಲಕ್ಷ್ಮಿ. ಕೆಲವು ದಿನ ನನ್ನ ಒದ್ದಾಟ ನೋಡಿದ ಮೇಲೆ ಅವಳು ಹೇಳಿದಳು: "ಮೇಡಂ, ನೀವು ಹೆಬ್ಬೆರಳಿಗೆ ಹೇಳ್ತಾ ಇದ್ದೀರಿ. ಅದಕ್ಕೆ ಕೇಳಿಸೋದಿಲ್ಲ. ಅದರ ಟೆಂಡನ್ ಈಗ ಹಿಮ್ಮಡಿಗೆ ಹೋಗಿದೆ. ಹೆಬ್ಬೆರಳನ್ನ ಮರೆತುಬಿಡಿ. ಪಕ್ಕದ ಬೆರಳುಗಳನ್ನ ಮಡಚಿ. ಹಿಮ್ಮಡಿ ಎತ್ತಬೇಕಾದಾಗ ಮಾತ್ರ ಹೆಬ್ಬೆರಳು ಮಡಚುತ್ತೀನಿ ಅಂದುಕೊಳ್ಳಿ."

ಒಂದಕ್ಕೆ ಹೇಳಿದರೆ ಇನ್ನೊಂದು ಕೇಳುವ ಕಾಲು! ಮನೆಯ ಮೊಗಸಾಲೆಯಲ್ಲಿ ಬೆಳಗಿನ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ನೆಲದ ಮೇಲೆ ಟವೆಲ್ ಹಾಸಿ, ಅದನ್ನು ಬೆರಳುಗಳಿಂದ ನನ್ನ ಕಡೆ ಎಳೆದುಕೊಳ್ಳುವುದು ದಿನದ ಪಾಠ. ಅತ್ತೆ ಎದುರಿಗೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದ ಬೆರಳುಗಳು ದಿನದಿನಕ್ಕೆ ಚುರುಕಾದವು. ಹೆಬ್ಬೆರಳು ಮಾತ್ರ ದೊಡ್ಡಸ್ತಿಕೆಯಿಂದ ನೆಟ್ಟಗೆ ಕುಳಿತಿರುತ್ತಿತ್ತು.

ಒಂದು ದಿನ ಕೆಳಗೆ ರಸ್ತೆಯಲ್ಲಿ ಕೋಚಿಂಗ್ ಸೆಂಟರಿಗೆ ಹೋಗುವ ಹುಡುಗರ ಗದ್ದಲ ನೋಡುತ್ತ ಟವೆಲ್ ಎಳೆಯುತ್ತಿದ್ದೆ. ಮನಸ್ಸು ಕಾಲಿನ ಮೇಲೆ ಇರಲಿಲ್ಲ. ಅತ್ತೆ ಸೊಪ್ಪು ಬಿಡಿಸುವ ಸದ್ದು ನಿಂತಿತು.

"ಸುವರ್ಣಾ," ಎಂದರು. "ಮತ್ತೊಮ್ಮೆ ಮಾಡು."

"ಏನು ಮಾಡ್ಲಿ ಅತ್ತಿ?"

"ಈಗ ಮಾಡಿದ್ಯಲ್ಲ, ಅದನ್ನ. ಕೆಳಗ ನೋಡಬ್ಯಾಡ. ರಸ್ತಾನ ನೋಡು."

ರಸ್ತೆಯನ್ನೇ ನೋಡುತ್ತ ಎಳೆದೆ. ಅತ್ತೆ ಏಕಾಏಕಿ ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಗ ನೋಡಿದೆ. ಟವೆಲಿನ ಅಂಚಿನ ಮೇಲೆ ನನ್ನ ಹೆಬ್ಬೆರಳು ಬಾಗಿತ್ತು. ಪೂರ್ತಿ ಅಲ್ಲ. ಹೊಸದಾಗಿ ಅಕ್ಷರ ಕಲಿತವರ ಕೊಂಬಿನ ಹಾಗೆ ಸೊಟ್ಟಗೆ, ಆದರೆ ಬಾಗಿತ್ತು. ಒಳಗೆ ಮಲಗಿದ್ದ ಗಂಡನನ್ನು ಅತ್ತೆ ಕೂಗಿ ಎಬ್ಬಿಸಿದರು. ಅವರು ಬಂದು ನೋಡಿ, ನೆಲದ ಮೇಲೆ ನನ್ನ ಕಾಲಿನ ಪಕ್ಕದಲ್ಲೇ ಕುಳಿತುಬಿಟ್ಟರು.

ನಾನೀಗ ಮೊದಲಿನಂತೆ ಓಡುವುದಿಲ್ಲ. ಹಾಗೆಂದು ಹೇಳದಿದ್ದರೆ ಓದುವವರಿಗೆ ಮೋಸವಾಗುತ್ತದೆ. ಎಡಗಾಲಿನ ಚಿಮ್ಮು ಬಲಗಾಲಿನಷ್ಟಿಲ್ಲ, ಚಳಿಗಾಲದ ಬೆಳಿಗ್ಗೆ ಹಿಮ್ಮಡಿ ಬಿಗಿಯುತ್ತದೆ. ಆದರೆ ಬಸ್ಸನ್ನು ಕಾಲಿನ ಬಲದಿಂದಲೇ ಹತ್ತುತ್ತೇನೆ. ಮೇಲಿನ ಹಲಗೆಯ ಡಬ್ಬಿ ನನ್ನ ಕೈಗೇ ಸಿಗುತ್ತದೆ. ಮೈದಾನದಲ್ಲಿ ಕುರ್ಚಿ ಬೇಕಾಗಿಲ್ಲ. ನಾನು ಎದ್ದು ನಿಂತು ಸೀಟಿ ಊದಿದ ಮೊದಲ ದಿನವೇ ಹುಡುಗಿಯರು ಔಟೋ ಅಲ್ಲವೋ ಎಂದು ನನ್ನ ಮುಖದ ಮುಂದೆ ಕೈ ಮಾಡಿ ಜಗಳ ತೆಗೆದರು. ನನಗೆ ಅದೆಷ್ಟು ಸುಖವಾಯಿತು!

ಹೋದ ಬೇಸಿಗೆಯಲ್ಲಿ ಡಾಕ್ಟರ್ ಪದ್ಮಜಾ ಫೋನ್ ಮಾಡಿದರು. "ಟೀಚರ್ ಗಾರು, ಒಂದು ಸಹಾಯ ಬೇಕು. ನಿಮ್ಮ ಭಾಷೆಯವರು ಒಬ್ಬರು ಬಂದಿದ್ದಾರೆ. ನಿಮ್ಮಂಥದ್ದೇ ತೊಂದರೆ. ಆಪರೇಷನ್ ಬೇಡ ಅಂತ ಎದ್ದು ಹೊರಟಿದ್ದಾರೆ. ನನ್ನ ಹಿಂದಿ ಅವರಿಗೆ ಅರ್ಥವಾಗುತ್ತಿಲ್ಲ."

ಹೋದೆ. ಅದೇ ಕಾಯುವ ಕೋಣೆ. ಗೋಡೆಯ ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ, ಜೊತೆಗೆ ಹೆಂಡತಿ. ಹೆಸರು ಭೀಮಣ್ಣ, ಯಾದಗಿರಿ ಕಡೆಯವರು. ಬಿದಿರಿನ ಗಳ ಕಟ್ಟಿ, ಅದರ ಮೇಲೆ ನಿಂತು ಕಟ್ಟಡಗಳ ಗೋಡೆಗೆ ಗಿಲಾವು ಮಾಡುವ ಕೆಲಸ. ನಾನು ಕನ್ನಡದಲ್ಲಿ ನಮಸ್ಕಾರ ಎಂದ ಕೂಡಲೇ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಅಕ್ಕೋರ, ಅವರು ಹೆಬ್ಬಟ್ಟಿನ ನರ ಕೊಯ್ತಾರಂತ್ರಿ," ಎಂದರು ಭೀಮಣ್ಣ. "ನಾ ಗಳದ ಮ್ಯಾಲ ನಿಲ್ಲಾಂವ. ಬರಿಗಾಲಿಲೆ ಹೆಬ್ಬಟ್ಟು ಒತ್ತಿ ಹಿಡೀಬೇಕ್ರಿ. ಅದ ಹೋದ್ರ ನಾ ಹ್ಯಾಂಗ ನಿಲ್ಲಲಿ?"

ನಾನು ಅವರ ಎದುರು ಕುಳಿತು ಬೂಟು ಬಿಚ್ಚಿದೆ. ಕಾಲುಚೀಲ ತೆಗೆದೆ. ಹಿಮ್ಮಡಿಯ ಗಾಯದ ಗುರುತು ತೋರಿಸಿದೆ. ಆಮೇಲೆ ಹೆಬ್ಬೆರಳು ಮಡಚಿದೆ. ಪಕ್ಕದವೂ ಜೊತೆಗೆ ಮಡಚಿಕೊಂಡವು. ಭೀಮಣ್ಣ ಬಗ್ಗಿ ನೋಡಿದರು, ಕೈಯಿಂದ ಮುಟ್ಟಲೋ ಬೇಡವೋ ಎಂದು ಅನುಮಾನಿಸಿದರು. "ಮುಟ್ಟ್ರಿ," ಎಂದೆ. ಮುಟ್ಟಿ, ಒತ್ತಿ ನೋಡಿದರು.

"ನನಗೂ ಹಿಂಗ ಆಗ್ತದೇನ್ರಿ?"

ಹೌದು ಎನ್ನುವುದು ಸುಲಭವಾಗಿತ್ತು. ಅವರ ಹೆಂಡತಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಅದು ನನಗ ಗೊತ್ತಿಲ್ರಿ ಅಣ್ಣಾ," ಎಂದೆ. "ನನ್ನ ಕಾಲಿನೊಳಗ ಒಂದು ಎಳಿ ಜಾಸ್ತಿ ಇತ್ತು. ನಿಮ್ಮ ಕಾಲಿನೊಳಗ ಹ್ಯಾಂಗೈತೋ, ತೆಗೆದು ನೋಡಿದ ಮ್ಯಾಲೇ ತಿಳೀತದ. ಬೆರಳಿನ ಜೋರು ಒಂದೀಟು ಕಮ್ಮಿ ಆದ್ರೂ ಆಗಬಹುದು. ಆದ್ರ ಈ ಡಾಕ್ಟರವ್ವ ಕೊಯ್ಯೋ ಮುಂಚೆ ನಿಂತು ನೋಡ್ತಾರ. ನಾ ಎಚ್ಚರ ಇದ್ದೆ. ನನ್ನ ಕಿವಿಲೇ ಕೇಳೀನಿ."

ಭೀಮಣ್ಣ ತಮ್ಮ ಒಡೆದ ಅಂಗಾಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೆಬ್ಬೆರಳನ್ನು ಮಡಚಿದರು. ಅದು ಒಂದೇ ಮಡಚಿಕೊಂಡಿತು, ಪಕ್ಕದವು ಅಲ್ಲಾಡಲಿಲ್ಲ. ನನ್ನ ಪಾದವನ್ನೊಮ್ಮೆ, ತಮ್ಮ ಪಾದವನ್ನೊಮ್ಮೆ ನೋಡಿದರು. ಒಳಗಿನಿಂದ ನರ್ಸ್ ಅವರ ಹೆಸರು ಕರೆದಳು.

"ಅಕ್ಕೋರ," ಎಂದರು ಅವರು, ಗೋಡೆ ಹಿಡಿದು ಏಳುತ್ತ, "ನೀವೂ ಒಳಗ ಬರ್ರಿ. ನನ್ನ ಕಾಲ್ ಬ್ಯಾರೆ ನಮೂನಿ ಐತಿ ಅಂತ ಅವರಿಗಿ ಮೊದಲ ಹೇಳೋಣು."

ಬೂಟು ಹಾಕಿಕೊಳ್ಳಲೂ ನಿಲ್ಲದೆ, ಬರಿಗಾಲಿನಲ್ಲೇ ಅವರ ಜೊತೆ ಒಳಗೆ ಹೋದೆ.